ಷಡ್ಜ ಹಿಡಿದರೆ ಗುಟುರು: ಒಂದು ಡಬಲ್ ಬೇಸ್, ಒಂದು ಪ್ರೀಆಂಪ್, ಮೂರು ವೇದಿಕೆ

ಹಿನ್ನೆಲೆ

ಇದು ಒಂದು ಚಿಕ್ಕ ಫ್ಯೂಷನ್ ತಂಡದ ಮೂರು ಕಾರ್ಯಕ್ರಮಗಳ ಕತೆ. ಮೂರೂ ಒಂದೇ ಸೀಸನ್‌ನವು, ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ. ತಂಡದ ಸೌಂಡ್ ನೋಡಿಕೊಳ್ಳುವವನು ನಾನು. ಊರು, ತಂಡ, ಜನರ ಹೆಸರು ಎಲ್ಲವನ್ನೂ ಬಿಟ್ಟಿದ್ದೇನೆ. ತಪ್ಪುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನನ್ನವೇ, ಹಾಗಾಗಿ ಹೇಳಿಕೊಳ್ಳಲು ಸಂಕೋಚವಿಲ್ಲ.

ತಂಡದಲ್ಲಿ ಐದು ಜನ. ಹಾಡುವವರು ಒಬ್ಬ ಮೇಡಂ. ಜೊತೆಗೆ ಪಿಟೀಲು, ಮೃದಂಗ, ಕೀಬೋರ್ಡ್ ಮತ್ತು ಡಬಲ್ ಬೇಸ್. ದಾಸರ ಪದ, ವಚನ, ಭಾವಗೀತೆ ಇವರ ಬಂಡವಾಳ. ಮೇಡಂ ಹಾಡುವ ಶ್ರುತಿ ಜಿ, ಅಂದರೆ ಅವರ ಷಡ್ಜ (ಸ) ಪಾಶ್ಚಾತ್ಯರ ಜಿ ಸ್ವರ. ಬೇಸ್ ನುಡಿಸುವವನು ನನಗಿಂತ ಹತ್ತು ವರ್ಷ ಚಿಕ್ಕವನು, ಇಲ್ಲಿ ತಮ್ಮ ಅಂತಲೇ ಕರೆಯುತ್ತೇನೆ. ಸಾಫ್ಟ್‌ವೇರ್ ಕೆಲಸ, ಕಲಿತದ್ದು ಜ್ಯಾಝ್.

ಡಬಲ್ ಬೇಸ್ ನೋಡದವರಿಗೆ ಒಂದು ಮಾತು. ಪಿಟೀಲಿನ ದೊಡ್ಡಪ್ಪ ಅಂದುಕೊಳ್ಳಿ. ಸುಮಾರು ಆರಡಿ ಎತ್ತರ. ಕೆಳಗಿರುವ ಲೋಹದ ಕಡ್ಡಿಯನ್ನು ನೆಲಕ್ಕೆ ಊರಿ, ಪಕ್ಕದಲ್ಲಿ ನಿಂತು ನುಡಿಸುವುದು. ನಮ್ಮ ತಮ್ಮ ಕಮಾನು ಮುಟ್ಟುವುದು ಕಮ್ಮಿ, ಬೆರಳಲ್ಲೇ ಮೀಟುತ್ತಾನೆ. ನಾಲ್ಕು ತಂತಿ: ಇ, ಎ, ಡಿ, ಜಿ. ದಪ್ಪ ತಂತಿ 41 ಹರ್ಟ್ಜ್ (ಸೆಕೆಂಡಿಗೆ 41 ಅದುರು), ಎಲ್ಲಕ್ಕಿಂತ ತೆಳುವಾದ ಜಿ ತಂತಿ 98. ಕನ್ನಡ ಸಿನಿಮಾ ಹಾಡುಗಳು ಮದ್ರಾಸಿನ ಸ್ಟುಡಿಯೋಗಳಲ್ಲಿ ರೆಕಾರ್ಡ್ ಆಗುತ್ತಿದ್ದ ಕಾಲದಲ್ಲಿ ಅಲ್ಲಿನ ವಾದ್ಯಗೋಷ್ಠಿಗಳಲ್ಲಿ ಇದು ಇರುತ್ತಿತ್ತು. ಸ್ಟುಡಿಯೋದಲ್ಲಿ ಮುಂದೊಂದು ಒಳ್ಳೆಯ ಮೈಕ್ ಇಟ್ಟರೆ ಕೆಲಸ ಮುಗಿಯಿತು. ಬೀದಿಯ ವೇದಿಕೆಯಲ್ಲಿ, ಮೃದಂಗ ಎರಡಡಿ ಪಕ್ಕದಲ್ಲಿರುವಾಗ, ಆ ಸುಖ ಇಲ್ಲ.

ಹಾಗಾಗಿ ತಮ್ಮನ ವಾದ್ಯದ ಕುದುರೆಯಲ್ಲಿ (ತಂತಿಗಳನ್ನು ಹೊರುವ ಮರದ ತುಂಡು) ಒಂದು ಪೀಜೋ ಪಿಕಪ್ ಸಿಕ್ಕಿಸಿದೆ. ತಂತಿಯ ಅದುರು ಕುದುರೆಗೆ ಬರುತ್ತದೆ, ಕುದುರೆ ಪಿಕಪ್ಪನ್ನು ಒತ್ತುತ್ತದೆ, ಒತ್ತಿದಾಗಲೆಲ್ಲ ಅದು ಒಂದಿಷ್ಟು ವಿದ್ಯುತ್ ಹುಟ್ಟಿಸುತ್ತದೆ. ಒಂದಿಷ್ಟೇ, ಜಾಸ್ತಿ ಇಲ್ಲ.

ಮೊದಲ ವೇದಿಕೆ: ರಬ್ಬರ್ ಬ್ಯಾಂಡ್

ಒಂದು ಬಡಾವಣೆಯ ಗಣೇಶೋತ್ಸವ. ಮೈಕ್ ಸೆಟ್ ಸ್ಥಳೀಯರದ್ದು. ಮಿಕ್ಸರ್ ಹತ್ತಿರ ಕೂತಿದ್ದ ಹುಡುಗನಿಗೆ "ಇದು ಡಬಲ್ ಬೇಸ್" ಅಂದೆ. ಅವನು ತಲೆಯಾಡಿಸಿ ಆ ಚಾನೆಲ್‌ನ ಬೇಸ್ ನಾಬನ್ನು ಕೊನೆಯವರೆಗೂ ತಿರುಗಿಸಿಬಿಟ್ಟ. ಡಬಲ್ ಅಂದಿದ್ದೆನಲ್ಲ!

ಪಿಕಪ್‌ನ ವೈರನ್ನು ಅವರ ಹತ್ತಿರವೇ ಇದ್ದ ಪ್ಯಾಸಿವ್ ಡಿಐ ಬಾಕ್ಸ್‌ಗೆ (ವಾದ್ಯವನ್ನು ಮಿಕ್ಸರ್‌ಗೆ ಜೋಡಿಸುವ, ಕರೆಂಟ್ ಬೇಡದ ಪೆಟ್ಟಿಗೆ) ಹಾಕಿದೆವು. ಕೀಬೋರ್ಡ್‌ಗೆ ದಿನಾ ಹಾಕುವಂಥದ್ದೇ. ಬಂದ ಸದ್ದು ರಬ್ಬರ್ ಬ್ಯಾಂಡ್ ಮೀಟಿದ ಹಾಗಿತ್ತು. ಟಕ್ ಟಕ್ ಅನ್ನುವುದು ಕೇಳುತ್ತದೆ, ಹಿಂದೆ ಬರಬೇಕಾದ ಗುಂಯ್ ಅನ್ನುವುದೇ ಇಲ್ಲ. 80 ಹರ್ಟ್ಜ್ ಸುತ್ತ ಎಷ್ಟು ಎತ್ತಿದರೂ ಸ್ವರ ಬರಲಿಲ್ಲ, ಬರೀ ಗೊರಗೊರ ಬಂತು. ಒಂದು ಮೈಕ್ ಕೂಡ ಇಟ್ಟು ನೋಡಿದೆವು. ಅದರಲ್ಲಿ ಬೇಸ್‌ಗಿಂತ ಮೃದಂಗವೇ ಜೋರಾಗಿತ್ತು. ಅವತ್ತು ಹಾಗೇ ಮುಗಿಸಿದೆವು. ಕೀಬೋರ್ಡಿನವರು ಎಡಗೈಯಲ್ಲಿ ಕೆಳಗಿನ ಸ್ವರ ಒತ್ತಿ ಮಾನ ಕಾಪಾಡಿದರು.

ಏನಾಗಿತ್ತು? ಪೀಜೋ ಪಿಕಪ್ ಅಂದರೆ ನೀರು ಕಮ್ಮಿ ಇರುವ ಬೋರ್‌ವೆಲ್. ಅದಕ್ಕೆ ದೊಡ್ಡ ಮೋಟಾರ್ ಇಟ್ಟರೆ ಒಂದೇ ಎಳೆತಕ್ಕೆ ಬತ್ತಿಹೋಗುತ್ತದೆ. ಇಲ್ಲಿ ಮೋಟಾರ್ ಅಂದರೆ ಮುಂದಿನ ಪೆಟ್ಟಿಗೆಯ ಇನ್‌ಪುಟ್ ಇಂಪೀಡೆನ್ಸ್, ಅಂದರೆ ಒಳಗೆ ಬರುವ ವಿದ್ಯುತ್ತಿಗೆ ಅದು ಒಡ್ಡುವ ತಡೆ, ಓಮ್‌ಗಳಲ್ಲಿ. ಅದು ಕಮ್ಮಿ ಇದ್ದಷ್ಟೂ ಪಿಕಪ್‌ನಿಂದ ಜಾಸ್ತಿ ಎಳೆಯುತ್ತದೆ, ಮತ್ತು ಮೊದಲು ಬತ್ತುವುದು ಕೆಳಗಿನ ಸ್ವರಗಳೇ.

ಲೆಕ್ಕ ಕಷ್ಟದ್ದಲ್ಲ. ನಮ್ಮ ಪಿಕಪ್ಪನ್ನು ಕೆಪಾಸಿಟೆನ್ಸ್ (ವಿದ್ಯುತ್ ಹಿಡಿದಿಡುವ ಶಕ್ತಿ) ಅಳೆಯುವ ಮಲ್ಟಿಮೀಟರ್‌ಗೆ ಹಿಡಿದೆವು. ಸುಮಾರು 1 ನ್ಯಾನೋಫ್ಯಾರಡ್ ತೋರಿಸಿತು. ಸಾಮಾನ್ಯ ಪ್ಯಾಸಿವ್ ಡಿಐ ಬಾಕ್ಸ್‌ನ ಇನ್‌ಪುಟ್ 140 ಕಿಲೋಓಮ್ ಆಸುಪಾಸು. ಇವೆರಡೂ ಸೇರಿದರೆ ಸುಮಾರು 1,100 ಹರ್ಟ್ಜ್‌ನಿಂದ ಕೆಳಗೆ ಎಲ್ಲವೂ ಇಳಿಯುತ್ತಾ ಹೋಗುತ್ತದೆ, ಪ್ರತಿ ಸ್ಥಾಯಿಗೆ 6 ಡೆಸಿಬೆಲ್. ಇ ತಂತಿಯ 41 ಹರ್ಟ್ಜ್ ತಲುಪುವಾಗ 29 ಡೆಸಿಬೆಲ್ ಹೋಗಿರುತ್ತದೆ. ಅಷ್ಟನ್ನು ಮಿಕ್ಸರ್‌ನ ನಾಬ್ ತುಂಬಿಕೊಡುತ್ತದಾ? ಪಾಪ, ಅದಕ್ಕಿರುವುದು 12 ಅಥವಾ 15.

ಪ್ರೀಆಂಪ್ ಕೊಂಡದ್ದು

ಇದಕ್ಕೆ ಮದ್ದು ಪ್ರೀಆಂಪ್, ಪಿಕಪ್‌ಗೂ ಮಿಕ್ಸರ್‌ಗೂ ನಡುವೆ ಇಡುವ ಪೆಟ್ಟಿಗೆ. ಅಂಗಡಿಯಲ್ಲಿ ಎರಡು ಪ್ರೀಆಂಪ್ ಇದ್ದವು. ಒಂದು ಅಕೂಸ್ಟಿಕ್ ಗಿಟಾರಿಗೆ ಅಂತ ಮಾಡಿದ್ದು, ಇನ್‌ಪುಟ್ 1 ಮೆಗಾಓಮ್. ಇನ್ನೊಂದು 10 ಮೆಗಾಓಮ್. ಜೊತೆಗೆ ಬೇಕಾದಲ್ಲಿ ಇಡಬಹುದಾದ ಹೈಪಾಸ್ ಫಿಲ್ಟರ್ (ಇಟ್ಟ ಗಡಿಯ ಕೆಳಗಿನದನ್ನು ಕತ್ತರಿಸುವುದು), ನಾಚ್ ಫಿಲ್ಟರ್, ಫೇಸ್ ಸ್ವಿಚ್ (ಸದ್ದಿನ ಅಲೆಯನ್ನು ತಲೆಕೆಳಗು ಮಾಡುವುದು), ಮಿಕ್ಸರ್‌ಗೆ ನೇರ ಕೊಡಲು ಬ್ಯಾಲೆನ್ಸ್ಡ್ ಔಟ್. ಬೆಲೆ ಮೊದಲನೆಯದರ ಎರಡು ಪಟ್ಟಿಗಿಂತ ಜಾಸ್ತಿ. ಅಗ್ಗದ್ದನ್ನೇ ತೆಗೆದುಕೊಳ್ಳೋಣ ಅಂತ ನಾನೇ ಅಂದೆ. ತಮ್ಮ ಫೋನ್ ತೆಗೆದು ಅಲ್ಲೇ ಲೆಕ್ಕ ಹಾಕಿದ. 1 ಮೆಗಾಓಮ್‌ಗೆ ಇಳಿತ ಶುರುವಾಗುವುದು 159 ಹರ್ಟ್ಜ್‌ನಲ್ಲಿ. ಅಂದರೆ ಬಿಟ್ಟ ತಂತಿ (ಬೆರಳು ಒತ್ತದೆ ಮೀಟಿದ್ದು) ನಾಲ್ಕೂ ಅದರ ಕೆಳಗೇ. ಇ ಸ್ವರ 12 ಡೆಸಿಬೆಲ್ ಕಮ್ಮಿ. 10 ಮೆಗಾಓಮ್‌ಗೆ ಅದೇ ಗಡಿ 16 ಹರ್ಟ್ಜ್‌ಗೆ ಇಳಿಯುತ್ತದೆ. ಅಲ್ಲಿ ನಮ್ಮ ಸ್ವರವೇ ಇಲ್ಲ.

ಎಲ್ಲರೂ 10 ಮೆಗಾಓಮ್‌ನದ್ದೇ ತೆಗೆದುಕೊಳ್ಳಬೇಕು ಅಂತಲ್ಲ. ಪಿಕಪ್ 5 ನ್ಯಾನೋಫ್ಯಾರಡ್ ಇದ್ದರೆ 1 ಮೆಗಾಓಮ್ ಕೂಡ 32 ಹರ್ಟ್ಜ್‌ವರೆಗೆ ಬರುತ್ತದೆ, ಸಾಕು. ಅಂಗಡಿಗೆ ಹೋಗುವ ಮೊದಲು ನಿಮ್ಮ ಪಿಕಪ್ ಅಳೆಯಿರಿ, ಅಷ್ಟೇ.

ಸಂಜೆ ತಮ್ಮನ ಮನೆಯ ಮಹಡಿ ಕೋಣೆಯಲ್ಲಿ ಜೋಡಿಸಿದೆವು. ಇ ತಂತಿ ಮೀಟಿದ ಕೂಡಲೇ ಬಾಗಿಲ ಚಿಲಕ ಅದುರಿತು. ಕೆಳಗಿನಿಂದ ಅವರಮ್ಮ "ಏನೋ ಅದು, ನೀರಿನ ಲಾರಿ ಬಂತಾ?" ಅಂತ ಕೂಗಿದರು. ಇಬ್ಬರೂ ನಕ್ಕೆವು. ಗೆದ್ದೆವು ಅಂದುಕೊಂಡೆವು. ಹೈಪಾಸ್ ನಾಬ್ ಮುಟ್ಟಲೇ ಇಲ್ಲ. ಇಷ್ಟು ಕಷ್ಟಪಟ್ಟು ತಂದ ಕೆಳಗಿನ ಸ್ವರವನ್ನು ಯಾರಾದರೂ ಕತ್ತರಿಸುತ್ತಾರಾ?

ಎರಡನೇ ವೇದಿಕೆ: ಗುಟುರು

ಮದುವೆಯ ಆರತಕ್ಷತೆ, ಕಲ್ಯಾಣ ಮಂಟಪ. ಗೋಡೆ ನೆಲ ಎಲ್ಲ ಗ್ರಾನೈಟ್. ವೇದಿಕೆಯ ಎರಡೂ ಬದಿಗೆ ಎರಡೆರಡು ಸಬ್ ವೂಫರ್, ಅಂದರೆ ಕೆಳಗಿನ ಸ್ವರಗಳಿಗೇ ಇರುವ ದೊಡ್ಡ ಸ್ಪೀಕರ್. ತಮ್ಮ ನಿಂತದ್ದು ಎಡಗಡೆ ಸಬ್‌ಗಳಿಂದ ಒಂದು ಮೀಟರ್ ದೂರದಲ್ಲಿ. ಅವನನ್ನು ಅಲ್ಲಿ ನಿಲ್ಲಿಸಿದ್ದು ನಾನೇ, ಫೋಟೋದಲ್ಲಿ ವಾದ್ಯ ಚೆನ್ನಾಗಿ ಬರಲಿ ಅಂತ.

ಸೌಂಡ್ ಚೆಕ್‌ಗೆ ಹತ್ತು ನಿಮಿಷ ಸಿಕ್ಕಿತ್ತು. ತಮ್ಮ ಒಂದೆರಡು ಜ್ಯಾಝ್ ನಡೆ ನುಡಿಸಿದ. ಅದ್ಭುತ ಅನ್ನಿಸಿತು.

ಕಾರ್ಯಕ್ರಮ ಶುರುವಾದದ್ದು ಒಂದು ವಚನದಿಂದ. ತಾಳವಿಲ್ಲದ ನಿಧಾನದ ಆರಂಭ. ಮೇಡಂ ಷಡ್ಜ ಹಿಡಿದರು. ತಮ್ಮ ಜಿ ತಂತಿ ಮೀಟಿ ಬಿಟ್ಟ, ಅದು ಮೊಳಗುತ್ತಿರಲಿ ಅಂತ. ಸದ್ದು ಕರಗಬೇಕಿತ್ತು, ಬೆಳೆಯತೊಡಗಿತು. ಮೂರು ನಾಲ್ಕು ಸೆಕೆಂಡಲ್ಲಿ ಇಡೀ ಮಂಟಪ ಗುಂಯ್ಗುಟ್ಟಿತು. ನಾನು ಮಿಕ್ಸರ್‌ನಲ್ಲಿ ಬೇಸ್‌ನ ಫೇಡರ್ (ಸದ್ದು ಏರಿಳಿಸುವ ಸರಿಕೆ) ಕೆಳಗೆಳೆದೆ. ಮತ್ತೆ ನಿಧಾನವಾಗಿ ಏರಿಸಿದೆ. ಮುಂದಿನ ಷಡ್ಜಕ್ಕೆ ಮತ್ತೆ ಅದೇ. ಮೇಡಂ ಮೈಕ್‌ನಿಂದ ಮುಖ ತಿರುಗಿಸಿ, "ಏನಪ್ಪಾ ಇದು, ಸ ಹಿಡಿದ್ರೆ ಗೂಳಿ ಗುಟುರು ಹಾಕಿದ ಹಾಗಾಗುತ್ತಲ್ಲ!" ಅಂದರು. ಮುಂದಿನ ಸಾಲಿನವರಿಗೂ ಕೇಳಿಸಿತು.

ಎರಡನೇ ಹಾಡಿಗೆ ಮುಂಚೆ ನಾನು ಓಡಿಹೋಗಿ ಪ್ರೀಆಂಪ್‌ನ ನಾಚ್ ಫಿಲ್ಟರ್ ತಿರುಗಿಸಿದೆ. ನಾಚ್ ಅಂದರೆ ಒಂದೇ ಒಂದು ಸ್ವರದ ಜಾಗವನ್ನು ಕಿರಿದಾಗಿ ಕೊರೆದು ತೆಗೆಯುವುದು. ಗುಟುರು ಹಾಕುತ್ತಿದ್ದ 98 ಹರ್ಟ್ಜ್ ಸುತ್ತ ಪೂರ್ತಿ ಕತ್ತರಿಸಿದೆ. ಗುಟುರು ನಿಂತಿತು. ಆ ಕ್ಷಣಕ್ಕೆ ನನಗೆ ನನ್ನ ಮೇಲೆ ಬಹಳ ಅಭಿಮಾನ ಬಂತು.

ಆದರೆ ಷಡ್ಜವೂ ಹೋಗಿತ್ತು. ಪೂರ್ತಿ ಅಲ್ಲ. ಮೇಲಿನ 196, 294 ಹರ್ಟ್ಜ್‌ನ ಅಂಶಗಳು ಉಳಿದಿದ್ದವು. ಆದ್ದರಿಂದ ಸ್ವರ ಯಾವುದು ಅಂತ ಗೊತ್ತಾಗುತ್ತಿತ್ತು, ಅದಕ್ಕೆ ಹೊಟ್ಟೆಯೇ ಇರಲಿಲ್ಲ. ತಮ್ಮ ತನಗೆ ಕೇಳಿಸುತ್ತಿಲ್ಲ ಅಂತ ಜೋರಾಗಿ ಮೀಟತೊಡಗಿದ. ಆಗ ಪಂಚಮ, ಮಧ್ಯಮ ಎಲ್ಲ ಗುದ್ದಿದ ಹಾಗೆ ಬಂದವು, ಷಡ್ಜ ಮಾತ್ರ ಬಡವಾಗಿ. ನಮ್ಮ ಸಂಗೀತದಲ್ಲಿ ಮನೆಗೆ ಬಂದು ಸೇರುವ ಸ್ವರವೇ ಎಲ್ಲಕ್ಕಿಂತ ಸಣ್ಣಗಾದರೆ ಕೇಳುವವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಪಿಟೀಲಿನವರು ಆಮೇಲೆ ಊಟದ ಪಂಕ್ತಿಯಲ್ಲಿ ಅದನ್ನೇ ಹೇಳಿದರು: "ಮೆಟ್ಟಿಲು ಇಳೀತಾ ಇದ್ದೀವಿ, ಕೊನೇ ಮೆಟ್ಟಿಲೇ ಇಲ್ಲ."

ಮದುಮಗನ ಚಿಕ್ಕಪ್ಪ ಬಂದು ಸೌಂಡ್ ಬಹಳ ಚೆನ್ನಾಗಿತ್ತು ಅಂದರು. ಅದೂ ದಾಖಲಾಗಲಿ.

ದರ್ಶಿನಿಯಲ್ಲಿ ಸಿಕ್ಕ ಸುಳಿವು

ಮಾರನೇ ದಿನ ಕಾಫಿ ಕುಡಿಯುತ್ತಾ ನಿಂತಿದ್ದಾಗ ತಮ್ಮ ಒಂದು ಮಾತು ಹೇಳಿದ. "ಅಣ್ಣ, ಜ್ಯಾಝ್‌ನಲ್ಲಿ ನಾನು ಒಂದು ಸ್ವರದ ಮೇಲೆ ಒಂದು ಏಟಿಗಿಂತ ಜಾಸ್ತಿ ನಿಲ್ಲೋದೇ ಅಪರೂಪ. ನಡೀತಾನೇ ಇರ್ತೀನಿ. ಇಲ್ಲಿ ಸ ಹಿಡಿದು ಒಂದು ಆವರ್ತ ಪೂರ್ತಿ ಕೂತಿರ್ತೀನಿ."

ಈ ಪ್ರಕರಣ ತಿರುಗಿದ್ದು ಆ ಮಾತಿನಲ್ಲಿ. ಫೀಡ್‌ಬ್ಯಾಕ್ ಒಂದು ಸುತ್ತು. ಸ್ಪೀಕರ್‌ನ ಸದ್ದು ವಾದ್ಯದ ಮರವನ್ನು ಅದುರಿಸುತ್ತದೆ, ಮರ ಕುದುರೆಯನ್ನು, ಕುದುರೆ ಪಿಕಪ್ಪನ್ನು, ಪಿಕಪ್ ಮತ್ತೆ ಸ್ಪೀಕರನ್ನು. ಕೆಳಗಿನ ಸ್ವರಗಳಲ್ಲಿ ಆ ಸುತ್ತು ಬಲಿಯಲು ಒಂದಷ್ಟು ಹೊತ್ತು ಬೇಕು. ಸ್ವರ ಬದಲಾಗುತ್ತಲೇ ಇದ್ದರೆ ಅದಕ್ಕೆ ಪುರಸೊತ್ತೇ ಸಿಗುವುದಿಲ್ಲ. ನಾವು ಷಡ್ಜ ಹಿಡಿದು ಅದಕ್ಕೆ ಬೇಕಾದಷ್ಟು ಪುರಸೊತ್ತು ಕೊಟ್ಟಿದ್ದೆವು. ಸೌಂಡ್ ಚೆಕ್‌ನಲ್ಲಿ ಜ್ಯಾಝ್ ನುಡಿಸಿದ್ದಕ್ಕೇ ಏನೂ ಗೊತ್ತಾಗಲಿಲ್ಲ.

ಅದರ ಮೇಲೆ ಇನ್ನೊಂದು. ಡಬಲ್ ಬೇಸ್‌ನ ಮರದ ಒಡಲಿಗೆ ತನ್ನದೇ ಒಂದು ಗುಂಗು ಇರುತ್ತದೆ, ಅದು ಸಾಮಾನ್ಯವಾಗಿ 100 ಹರ್ಟ್ಜ್ ಆಸುಪಾಸು. ನಮ್ಮದರಲ್ಲಿ ಫೋನ್ ಆ್ಯಪ್ ಇಟ್ಟು ನೋಡಿದಾಗ ಸರಿಯಾಗಿ ಜಿ ಹತ್ತಿರವೇ ಬಂತು. ಮೇಡಂ ಹಾಡುವ ಶ್ರುತಿ ಜಿ. ಬಿಟ್ಟ ತಂತಿಯೂ ಜಿ. ಮರ, ತಂತಿ, ಶ್ರುತಿ ಮೂರೂ ಒಂದೇ ಸ್ವರದಲ್ಲಿ ಸೇರಿದ್ದವು.

ಹಾಗಾದರೆ ಗಣೇಶನ ವೇದಿಕೆಯಲ್ಲಿ ಯಾಕೆ ಗುಟುರು ಬರಲಿಲ್ಲ? ಆ ರಬ್ಬರ್ ಬ್ಯಾಂಡ್ ಸದ್ದೇ ನಮ್ಮನ್ನು ಕಾಪಾಡಿತ್ತು. ಡಿಐ ಬಾಕ್ಸ್ 98 ಹರ್ಟ್ಜ್ ಅನ್ನು 20 ಡೆಸಿಬೆಲ್‌ಗಿಂತ ಜಾಸ್ತಿ ಕೊಂದು ಹಾಕಿತ್ತು, ಇನ್ನು ಗುಟುರೆಲ್ಲಿಂದ ಬರಬೇಕು. ಪ್ರೀಆಂಪ್ ಒಂದು ರೋಗ ವಾಸಿ ಮಾಡಿ, ಅದರ ಹಿಂದೆ ಅಡಗಿದ್ದ ಇನ್ನೊಂದನ್ನು ಹೊರಗೆ ತಂದಿತ್ತು.

ಶ್ರುತಿಯನ್ನು ಅರ್ಧ ಸ್ವರ ಏರಿಸಿದರೆ ಎಲ್ಲ ಸರಿಹೋಗಬಹುದು ಅಂತ ಒಂದು ಯೋಚನೆ ಬಂತು. ಮೇಡಂಗೆ ಅದನ್ನು ಹೇಳುವವರು ಯಾರು ಅಂತ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅಲ್ಲಿಗೆ ಬಿಟ್ಟೆವು. ತೀರ್ಮಾನ ಇಷ್ಟೇ: ಸುತ್ತನ್ನು ವೈರಿನಲ್ಲಿ ಕತ್ತರಿಸುವುದು ಬೇಡ, ಗಾಳಿಯಲ್ಲೂ ನೆಲದಲ್ಲೂ ಕತ್ತರಿಸೋಣ.

ಮೂರನೇ ವೇದಿಕೆ

ಒಂದು ಭಾನುವಾರ ಸಬ್ ಒಂದನ್ನು ಬಾಡಿಗೆಗೆ ತಂದು ಪ್ರಯೋಗ ಮಾಡಿದೆವು. 98 ಹರ್ಟ್ಜ್‌ನ ಅಲೆಯ ಉದ್ದ ಸುಮಾರು ಮೂರೂವರೆ ಮೀಟರ್. ಅರ್ಧ ಅಲೆ ಅಂದರೆ 1.75 ಮೀಟರ್. ವಾದ್ಯವನ್ನು ಅಷ್ಟು ಸರಿಸಿದರೆ ಆ ಒಂದು ಸ್ವರದ ಮಟ್ಟಿಗೆ ಫೇಸ್ ಸ್ವಿಚ್ ಒತ್ತಿದ್ದಕ್ಕೆ ಸಮ. ಒಂದು ಜಾಗದಲ್ಲಿ ತಳ್ಳುತ್ತಿದ್ದ ಸದ್ದು ಇನ್ನೊಂದು ಜಾಗದಲ್ಲಿ ತಡೆಯುತ್ತದೆ. ನೆಲದ ಮೇಲೆ ಸುಣ್ಣದ ಗೆರೆ ಎಳೆದುಕೊಂಡು ಒಂದೊಂದೇ ಹೆಜ್ಜೆ ಸರಿದು ನೋಡಿದೆವು. ಗೋಡೆಗಳಿಂದ ಮರಳುವ ಸದ್ದೂ ಸೇರುವುದರಿಂದ ಲೆಕ್ಕ ಅಚ್ಚುಕಟ್ಟಾಗಿ ಕೂರಲಿಲ್ಲ. ಆದರೂ ಸಬ್‌ನ ಪಕ್ಕಕ್ಕೂ ನಾಲ್ಕು ಮೀಟರ್ ಹಿಂದಕ್ಕೂ ಇದ್ದ ವ್ಯತ್ಯಾಸಕ್ಕೆ ಯಾವ ನಾಬೂ ಸಮನಾಗಲಿಲ್ಲ.

ರಾಜ್ಯೋತ್ಸವದ ವೇದಿಕೆ ಕಬ್ಬಿಣದ ಸ್ಟ್ಯಾಂಡ್‌ಗಳ ಮೇಲೆ ಹಾಸಿದ ಪ್ಲೈವುಡ್. ಕೆಳಗೆ ಟೊಳ್ಳು. ಅಂಥ ವೇದಿಕೆಯೇ ಒಂದು ದೊಡ್ಡ ತಮಟೆ, ಡಬಲ್ ಬೇಸ್‌ನ ಕಡ್ಡಿ ಅದರ ಮೇಲೆ ಊರಿರುತ್ತದೆ. ಅದಕ್ಕೆ ತಮ್ಮ ಮನೆಯಿಂದ ಒಂದೂವರೆ ಅಡಿಯ ಕಡಪ ಕಲ್ಲಿನ ತುಂಡು ತಂದಿದ್ದ, ಅಡುಗೆಮನೆ ಕಟ್ಟೆ ಮಾಡಿಸಿದಾಗ ಉಳಿದದ್ದು. ದಪ್ಪ ರಬ್ಬರ್ ಕಾಲೊರಸಿನ ಮೇಲೆ ಕಲ್ಲು, ಕಲ್ಲಿನ ಮೇಲೆ ಕಡ್ಡಿ. ಕಡ್ಡಿಯ ತುದಿಗೆ ರಬ್ಬರ್ ಬುಷ್ ಇರಲೇಬೇಕು, ಇಲ್ಲದಿದ್ದರೆ ಜಾರಿ ವಾದ್ಯದ ಜೊತೆ ವಾದಕನೂ ಬೀಳುತ್ತಾನೆ.

ಜಾಗ: ವೇದಿಕೆಯ ನಡುವೆ, ಹಿಂದೆ. ಫೋಟೋ ಹೋದರೆ ಹೋಗಲಿ.

ಹೈಪಾಸ್ 45 ಹರ್ಟ್ಜ್‌ಗೆ ಇಟ್ಟೆವು. ಈ ಸಂಖ್ಯೆ ಬಂದದ್ದು ಶ್ರುತಿಯಿಂದ. ಜಿ ಶ್ರುತಿಗೆ ನಮ್ಮ ವಾದ್ಯದ ಅತಿ ಕೆಳಗಿನ ಷಡ್ಜ 49 ಹರ್ಟ್ಜ್. ಅದಕ್ಕಿಂತ ಕೆಳಗಿರುವ ಇ, ಎಫ್ ಅಂದರೆ ಧೈವತ, ನಿಷಾದ. ಅವು ಬರುವುದು ಯಾವಾಗಲೋ ಒಮ್ಮೆ, ಸ್ವಲ್ಪ ತೆಳುವಾದರೂ ಪರವಾಗಿಲ್ಲ. 45ರ ಕೆಳಗೆ ಉಳಿದದ್ದೆಲ್ಲ ವೇದಿಕೆಯ ಅದುರು, ಕೈ ತಾಗಿದ ಸದ್ದು, ಯಾರೋ ನಡೆದ ಹೆಜ್ಜೆ. ಮನೆಯಲ್ಲಿ ಮುಟ್ಟದೆ ಬಿಟ್ಟಿದ್ದ ನಾಬ್ ಇದೇ.

ಆಮೇಲೆ ಮೈಕ್ ಸೆಟ್‌ನ ಯಜಮಾನರು. ಮೂವತ್ತು ವರ್ಷ ಇದೇ ಕೆಲಸ ಮಾಡಿದವರು. ನಾವು ಸುಣ್ಣದ ಗೆರೆ, ಅಲೆಯ ಉದ್ದ ಎಲ್ಲ ಹೇಳಿದೆವು. ಪೂರ್ತಿ ಕೇಳಿ, "ಸಾರ್, ಸಬ್‌ಗೆ ಇದನ್ನ ಯಾಕೆ ಕಳಿಸ್ತೀರ? ಸಬ್‌ಗೆ ಮೃದಂಗ, ಕೀಬೋರ್ಡು ಸಾಕು. ಇದು ಮೇಲಿನ ಬಾಕ್ಸ್‌ನಲ್ಲೇ ಬರಲಿ ಬಿಡಿ" ಅಂದರು. ಅವರ ಮಿಕ್ಸರ್‌ನಲ್ಲಿ ಸಬ್‌ಗಳಿಗೆ ಬೇರೆ ಆಕ್ಸ್ ಲೈನ್ ಇತ್ತು. ಯಾವ ಚಾನೆಲ್ ಬೇಕೋ ಅದನ್ನು ಮಾತ್ರ ಕಳಿಸಬಹುದು. ಒಂದು ತಿಂಗಳ ಲೆಕ್ಕಾಚಾರದಲ್ಲಿ ನಮ್ಮಿಬ್ಬರಿಗೂ ಇದು ಹೊಳೆದಿರಲಿಲ್ಲ.

ನನಗೆ ಅನುಮಾನವಿತ್ತು. ಸಬ್ ಇಲ್ಲದೆ 49 ಹರ್ಟ್ಜ್ ಎಲ್ಲಿಂದ ಬರುತ್ತದೆ? ಬರಲಿಲ್ಲ, ನಿಜ. ಆದರೆ ಕಿವಿ ಒಂದು ಕೆಲಸ ಮಾಡುತ್ತದೆ. 98, 147, 196 ಕೇಳಿಸಿದರೆ ಅವುಗಳ ಮೂಲವಾದ 49 ಅನ್ನು ತಾನೇ ತುಂಬಿಕೊಳ್ಳುತ್ತದೆ. ಚಿಕ್ಕ ರೇಡಿಯೋದಲ್ಲೂ ನಮಗೆ ಗಂಡಸರ ದಪ್ಪ ದನಿ ಗೊತ್ತಾಗುವುದು ಹೀಗೇ. ಅದಕ್ಕೇ 98 ಅನ್ನು ನಾಚ್‌ನಲ್ಲಿ ಕೊರೆಯಬಾರದಿತ್ತು.

ನಾಚ್ ಆಫ್ ಮಾಡಿದೆವು. ಅದರ ಬದಲು ಮಿಕ್ಸರ್‌ನಲ್ಲಿ 100ರ ಸುತ್ತ ಅಗಲವಾಗಿ 3 ಡೆಸಿಬೆಲ್ ಇಳಿಸಿದೆವು. ಪೀಜೋದ ಟಕ್ ಟಕ್ ತಗ್ಗಲಿ ಅಂತ 2,500 ಹರ್ಟ್ಜ್ ಹತ್ತಿರವೂ ಸ್ವಲ್ಪ. ಫೇಸ್ ಸ್ವಿಚ್ ಎರಡೂ ಕಡೆ ಒತ್ತಿ, ಯಾವುದರಲ್ಲಿ ಫೇಡರ್ ಜಾಸ್ತಿ ಏರುತ್ತದೋ ಅಲ್ಲಿ ಬಿಟ್ಟೆವು. ತಮ್ಮನಿಗೆ ನೆಲದ ಮಾನಿಟರ್ (ನುಡಿಸುವವರು ಕೇಳಿಕೊಳ್ಳುವ ಸ್ಪೀಕರ್) ಕೊಡಲಿಲ್ಲ, ಒಂದು ಚಿಕ್ಕ ಆಂಪ್ಲಿಫಯರನ್ನು ಕುರ್ಚಿಯ ಮೇಲೆ ಕಿವಿಯ ಎತ್ತರಕ್ಕೆ ಇಟ್ಟೆವು. ಕಮ್ಮಿ ಸದ್ದಿಗೇ ಅವನಿಗೆ ಕೇಳಿಸಿತು, ಹಾಗಾಗಿ ಮೆತ್ತಗೆ ಮೀಟಿದ.

ಸೌಂಡ್ ಚೆಕ್‌ನಲ್ಲಿ ಈ ಸಲ ಜ್ಯಾಝ್ ಇಲ್ಲ. "ಸ ಹಿಡಿದು ನಿಂತ್ಕೋ, ನಾನು ಸಾಕು ಅನ್ನೋವರೆಗೂ" ಅಂದೆ. ಬೇಕಾದ ಮಟ್ಟ ಸಿಕ್ಕ ಮೇಲೆ ಫೇಡರನ್ನು ಇನ್ನೂ 6 ಡೆಸಿಬೆಲ್ ಮೇಲಕ್ಕೆ ತಳ್ಳಿದೆ. ಗುಟುರಿಲ್ಲ. ಮತ್ತೆ ಕೆಳಗೆ ತಂದೆ.

ಅಷ್ಟರಲ್ಲಿ ಸದ್ದು ಕರಕರ ಅಂದು ಸತ್ತಿತು. ನನಗೆ ಕೈಕಾಲು ತಣ್ಣಗಾಯಿತು. ನೋಡಿದರೆ 9 ವೋಲ್ಟ್ ಬ್ಯಾಟರಿ ಮುಗಿದಿತ್ತು. ಹಿಂದಿನ ರಾತ್ರಿ ಅಭ್ಯಾಸ ಮುಗಿಸಿ ವೈರ್ ಕೀಳದೆ ಮಲಗಿದ್ದ ಮಹಾರಾಯ. ನಮ್ಮದರಲ್ಲಿ ಇನ್‌ಪುಟ್‌ಗೆ ವೈರ್ ಸಿಕ್ಕಿಸಿದ್ದರೆ ಪೆಟ್ಟಿಗೆ ಆನ್ ಆಗಿಯೇ ಇರುತ್ತದೆ. ಹೊಸ ಬ್ಯಾಟರಿ ಹಾಕಿದೆವು, ಅಲ್ಲಿಂದ ಈಚೆಗೆ ಎರಡು ಬ್ಯಾಟರಿ ಇಲ್ಲದೆ ಹೊರಡುವುದಿಲ್ಲ.

ಆದದ್ದು, ಆಗದೇ ಉಳಿದದ್ದು

ಅವತ್ತು ವಚನದ ಷಡ್ಜ ನಿಂತಿತು. ಹಿಡಿದಷ್ಟು ಹೊತ್ತು ಇತ್ತು, ಬಿಟ್ಟಾಗ ಕರಗಿತು. ಮೇಡಂ ಏನೂ ಹೇಳಲಿಲ್ಲ. ಅವರು ಏನೂ ಹೇಳದಿದ್ದರೆ ಎಲ್ಲ ಸರಿಯಿದೆ ಅಂತಲೇ ಅರ್ಥ.

ತಮ್ಮನಿಗೆ ಮಾತ್ರ ಪೂರ್ತಿ ಸಮಾಧಾನವಿಲ್ಲ. "ಇದು ನನ್ನ ವಾದ್ಯದ ಫೋಟೋ ಇದ್ದ ಹಾಗಿದೆ ಅಣ್ಣ, ವಾದ್ಯ ಅಲ್ಲ" ಅನ್ನುತ್ತಾನೆ. ಒಪ್ಪುತ್ತೇನೆ. ಪೀಜೋ ಕುದುರೆಯ ಒತ್ತಡ ಕೇಳಿಸಿಕೊಳ್ಳುತ್ತದೆ, ಮರದ ಸುತ್ತಲಿನ ಗಾಳಿಯನ್ನಲ್ಲ. ಆ ಗಾಳಿ ಬೇಕಾದರೆ ಮೈಕ್ ಬೇಕು, ಮೈಕ್ ಬೇಕಾದರೆ ಸದ್ದಿಲ್ಲದ ವೇದಿಕೆ ಬೇಕು.

ಇದೇ ಪಾಡು ಪಡುತ್ತಿರುವವರು ಕೇಳಿದರೆ ನಾನು ಹೇಳುವ ಕ್ರಮ ಈಗ ಬೇರೆ. ಮೊದಲು ಪಿಕಪ್ ಅಳೆದು ಅದಕ್ಕೆ ತಕ್ಕ ಇನ್‌ಪುಟ್ ಇರುವ ಪ್ರೀಆಂಪ್. ಅದು ಬಂದ ದಿನವೇ ಹೈಪಾಸ್, ನಿಮ್ಮ ಶ್ರುತಿಯ ಅತಿ ಕೆಳಗಿನ ಷಡ್ಜ ನೋಡಿಕೊಂಡು. ಆಮೇಲೆ ನಾಬ್ ಬಿಟ್ಟು ಕಾಲಿನ ಕೆಲಸ: ಎಲ್ಲಿ ನಿಲ್ಲುವುದು, ಏನರ ಮೇಲೆ ನಿಲ್ಲುವುದು, ಸಬ್‌ಗೆ ಹೋಗುತ್ತಿದೆಯಾ. ನಾಚ್ ಕಟ್ಟಕಡೆಗೆ. ಅದನ್ನು ತಿರುಗಿಸುವ ಮುಂಚೆ, ನೀವು ಕೊರೆಯುತ್ತಿರುವ ಜಾಗದಲ್ಲಿ ಯಾವ ಸ್ವರ ಕೂತಿದೆ ಅಂತ ಕೇಳಿಕೊಳ್ಳಿ. ರಿಷಭವಾದರೆ ಬಹುಶಃ ಪಾರಾಗುತ್ತೀರಿ.

ಡಿಸೆಂಬರ್‌ನಲ್ಲಿ ಮೇಡಂಗೆ ಗಂಟಲು ಕೆಟ್ಟಿತು. ಅವರ ಬದಲು ಒಬ್ಬ ಗಾಯಕರು ಬಂದರು, ಶ್ರುತಿ ಸಿ. ತಮ್ಮ ಖುಷಿಯಿಂದ ಫೋನ್ ಮಾಡಿದ. "ಅಣ್ಣ, ಈ ಸಲ ಬಚಾವ್. ಸ ಈಗ ಸಿ."

"ಸರಿ, ಸ ಸಿ ಆದ್ರೆ ಜಿ ಏನಾಯ್ತೋ?"

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ.

"ಪ," ಅಂದ. ಆಮೇಲೆ, "ಕಲ್ಲು ಡಿಕ್ಕಿಯಲ್ಲೇ ಇದೆ ಬಿಡಿ ಅಣ್ಣ, ತೆಗೆದಿಲ್ಲ."